ಒಂದೇ ಪಿನ್‌ಗೆ ಹಲವು ಕೆಲಸ

ಪ್ರಶ್ನೆ: ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನ ಯಾವ ಪಿನ್ ಏನು ಮಾಡಬೇಕೆಂದು ಲಿನಕ್ಸ್‌ಗೆ ಹೇಗೆ ಗೊತ್ತಾಗುತ್ತದೆ? ನಾವು ಅದನ್ನು ಬದಲಿಸಬಹುದೇ?

ಉತ್ತರ: ಖಂಡಿತ ಬದಲಿಸಬಹುದು. ಪಿನ್‌ಗಳ ವಿವರವೆಲ್ಲ ಡಿವೈಸ್ ಟ್ರೀ ಎಂಬ ಪಠ್ಯ ಕಡತದಲ್ಲಿರುತ್ತದೆ. ಅದರಿಂದ ತಯಾರಾದ ಬೈನರಿಯನ್ನು ಕರ್ನೆಲ್ ಬೂಟ್ ಆಗುವಾಗ ಓದುತ್ತದೆ. ಈ ಬೋರ್ಡಿನ ಚಿಪ್‌ನಲ್ಲಿ ಒಂದು ಪಿನ್‌ಗೆ 0ರಿಂದ 7ರವರೆಗಿನ ಮೋಡ್‌ಗಳಲ್ಲಿ ಬೇರೆ ಬೇರೆ ಕೆಲಸ ವಹಿಸಬಹುದು. ಉದಾಹರಣೆಗೆ, ಪಿ9 ಕನೆಕ್ಟರಿನ 24 ಮತ್ತು 26ನೇ ಪಿನ್‌ಗಳು ಮೋಡ್ 0ರಲ್ಲಿ ಸೀರಿಯಲ್ ಪೋರ್ಟ್, ಮೋಡ್ 7ರಲ್ಲಿ ಸಾಮಾನ್ಯ ಇನ್‌ಪುಟ್-ಔಟ್‌ಪುಟ್ (ಜಿಪಿಐಒ).

ಸೀರಿಯಲ್ ಪೋರ್ಟ್ ಬೇಕೆಂದರೆ ಡಿವೈಸ್ ಟ್ರೀ ಕಡತದಲ್ಲಿ ಈ ಎರಡು ಪಿನ್‌ಗಳಿಗೆ ಮೋಡ್ 0 ನಮೂದಿಸಿ, ಆ ಪಿನ್‌ಗಳ ಗುಂಪನ್ನು ಈ ಪೋರ್ಟನ್ನು ವಿವರಿಸುವ ಯುಎಆರ್‌ಟಿ1 ನೋಡ್‌ಗೆ ಜೋಡಿಸಿ, ಅದರ ಸ್ಟೇಟಸ್ 'ಓಕೇ' ಮಾಡಿ. ಸ್ಟೇಟಸ್ ಮರೆತರೆ ಡ್ರೈವರ್ ಏಳುವುದೇ ಇಲ್ಲ. ನಂತರ ಡಿಟಿಸಿ (ಡಿವೈಸ್ ಟ್ರೀ ಕಂಪೈಲರ್) ಬಳಸಿ ಕಂಪೈಲ್ ಮಾಡಿ ರೀಬೂಟ್ ಮಾಡಿ. ಹಳೆಯ ಕಡತದ ಪ್ರತಿ ಮೊದಲೇ ತೆಗೆದಿಡಿ. ಈ ಪಿನ್‌ಗಳಿಗೆ 3.3 ವೋಲ್ಟ್‌ಗಿಂತ ಹೆಚ್ಚು ಕೊಡಲೇಬೇಡಿ, ಚಿಪ್ ಸುಟ್ಟುಹೋದೀತು.