ಹೊತ್ತು ನೋಡಿ ಹೊರಡಿ, ಮುಂಬಯಿ ಸಿಗುತ್ತದೆ

ಮಾರ್ಚ್ ಮುಗಿಯುತ್ತ ಬಂತೆಂದರೆ ಡೊಂಬಿವಲಿಯ ನಮ್ಮ ಮನೆಗೆ ಕುಂದಾಪುರದಿಂದ ಫೋನು ಶುರುವಾಗುತ್ತದೆ. ಮಕ್ಕಳಿಗೆ ರಜೆ, ನಾಲ್ಕು ದಿನ ಬರುತ್ತೇವೆ, ಏನೇನು ನೋಡಬಹುದು ಅಂತ. ಪಟ್ಟಿ ಅವರ ಕೈಯಲ್ಲಿ ಮೊದಲೇ ಇರುತ್ತದೆ: ಗೇಟ್‌ವೇ, ಎಲಿಫೆಂಟಾ, ಸಿದ್ಧಿವಿನಾಯಕ, ಹಾಜಿ ಅಲಿ, ಜುಹು ಬೀಚು, ಶಾರೂಖ್ ಖಾನ್ ಮನೆ. ನಾನು ಕೇಳುವುದು ಒಂದೇ: "ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?"

1987ರಲ್ಲಿ ಮದುವೆಯಾಗಿ ಬಂದವಳು ನಾನು. ಆಗ ಕೊಂಕಣ ರೈಲು ಇರಲಿಲ್ಲ. ಊರಲ್ಲಿ ಬಸ್ಸು ಹತ್ತಿದರೆ ಮೈಕೈ ನುಗ್ಗಾಗಿ ಮರುದಿನ ಬೊಂಬಾಯಿ. ಅಮ್ಮನ ಬಾಯಲ್ಲಿ ಕೊನೆಯವರೆಗೂ ಅದು ಬೊಂಬಾಯಿಯೇ. ಆಮೇಲೆ 31 ವರ್ಷ ಫೋರ್ಟಿನ ಕಚೇರಿಯೊಂದಕ್ಕೆ ಲೋಕಲ್ಲಿನಲ್ಲಿ ಓಡಾಡಿದೆ. ಅಷ್ಟು ವರ್ಷಗಳಲ್ಲಿ ನನಗೆ ಮನದಟ್ಟಾದದ್ದು, ಈ ಊರಲ್ಲಿ ಎಲ್ಲಿಗೆ ಹೋಗುತ್ತೀರಿ ಎನ್ನುವುದಕ್ಕಿಂತ ಎಷ್ಟು ಹೊತ್ತಿಗೆ ಹೋಗುತ್ತೀರಿ ಎನ್ನುವುದೇ ದೊಡ್ಡದು.

ನಕ್ಷೆ ನೋಡಿದರೆ ಕಾರಣ ತಿಳಿಯುತ್ತದೆ. ಮುಂಬಯಿ ಸಮುದ್ರದೊಳಕ್ಕೆ ಚಾಚಿದ ಬೆರಳಿನ ಹಾಗೆ ಉದ್ದಕ್ಕಿದೆ. ಕಚೇರಿಗಳು ಬಹಳಷ್ಟು ದಕ್ಷಿಣದ ತುದಿಯಲ್ಲಿ, ಮನೆಗಳು ಉತ್ತರದಲ್ಲಿ. ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಇಳಿಯುತ್ತದೆ, ಸಂಜೆ ಉತ್ತರಕ್ಕೆ ಏರುತ್ತದೆ. ಉಪನಗರದಲ್ಲಿ ಉಳಿದುಕೊಂಡವರು ಏಳೂವರೆಯೊಳಗೆ ರೈಲು ಹತ್ತಿ, ಇಲ್ಲವೇ ಹನ್ನೊಂದು ದಾಟಲಿ. ಹಿಂದಿರುಗುವುದಾದರೆ ನಾಲ್ಕರೊಳಗೆ ಹೊರಡಿ, ಇಲ್ಲವಾದರೆ ಒಂಬತ್ತರವರೆಗೆ ಅಲ್ಲೇ ಎಲ್ಲಾದರೂ ಹಾಯಾಗಿರಿ. ಭಾನುವಾರ ದಾರಿ ದುರಸ್ತಿಗೆಂದು ಮೆಗಾಬ್ಲಾಕ್ ಇರುತ್ತದೆ. ಯಾವ ಲೈನಿನಲ್ಲಿ, ಎಷ್ಟರಿಂದ ಎಷ್ಟು ಗಂಟೆ ಎಂಬುದನ್ನು ಹಿಂದಿನ ದಿನವೇ ನೋಡಿಕೊಳ್ಳಿ.

ನನ್ನ ತಮ್ಮನ ಮಗ ಮೊದಲ ಸಲ ಬಂದಾಗ ಈ ಮಾತನ್ನು ಹಗುರವಾಗಿ ತೆಗೆದುಕೊಂಡ. ಸಂಜೆ ಆರೂವರೆಗೆ ದಾದರಿನಲ್ಲಿ ಹೆಂಡತಿ, ಐದು ವರ್ಷದ ಮಗಳೊಂದಿಗೆ ವಿರಾರ್ ಫಾಸ್ಟ್ ಹತ್ತಿದ. ಇಳಿಯಬೇಕಿದ್ದದ್ದು ಅಂಧೇರಿಯಲ್ಲಿ. ಅಂಧೇರಿ ಬಂತು, ಇವರು ಬಾಗಿಲ ತನಕ ಬರಲಾಗಲಿಲ್ಲ, ರೈಲು ಹೊರಟೇಹೋಯಿತು. ಬೊರಿವಲಿಯಲ್ಲಿ ಹೇಗೋ ಇಳಿದಾಗ ಹುಡುಗಿಯ ಕಾಲಲ್ಲಿ ಒಂದೇ ಚಪ್ಪಲಿ. ಅವಳ ಅಳು ನಿಲ್ಲಿಸಿದ್ದು ಪ್ಲಾಟ್‌ಫಾರ್ಮಿನಲ್ಲಿದ್ದ ಇಬ್ಬರು ಹೆಂಗಸರು. ನೀರು ಕುಡಿಸಿ, ಚರ್ಚ್‌ಗೇಟ್ ಕಡೆಯ ಸ್ಲೋ ಗಾಡಿಗೆ ತಾವೇ ಹತ್ತಿಸಿ ಹೋದರಂತೆ. ಆವತ್ತು ರಾತ್ರಿ ಆ ಮಗು ನನ್ನ ಸೆರಗು ಬಿಡಲಿಲ್ಲ. ಅದಾದ ಮೇಲೆ ಯಾರೇ ಬರಲಿ, ಮೊದಲ ದಿನ ಸ್ಟೇಶನ್ನಿನಲ್ಲಿ ಇಂಡಿಕೇಟರ್ ಎದುರು ಐದು ನಿಮಿಷ ನಿಲ್ಲಿಸಿಯೇ ಕರೆದೊಯ್ಯುತ್ತೇನೆ. ಗಾಡಿ ಎಲ್ಲಿಯವರೆಗೆ, ಎಷ್ಟು ಗಂಟೆಗೆ, ಸ್ಲೋ ಅಥವಾ ಫಾಸ್ಟ್, ಎಷ್ಟು ಡಬ್ಬಿ ಎಲ್ಲವೂ ಅದರಲ್ಲಿದೆ. ದೂರ ಹೋಗುವ ಫಾಸ್ಟ್ ಗಾಡಿಯಲ್ಲಿ ಹತ್ತಿರದ ಸ್ಟೇಶನ್ನಿಗೆ ಹೋಗಬೇಡಿ. ಒಂದು ಸ್ಟೇಶನ್ ಮುಂಚೆಯೇ ಬಾಗಿಲ ಕಡೆ ಸರಿಯಿರಿ. ಪ್ಲಾಟ್‌ಫಾರ್ಮ್ ಯಾವ ಬದಿಗೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿ, ಖಂಡಿತ ಹೇಳುತ್ತಾರೆ.

ಲೇಡೀಸ್ ಡಬ್ಬಿಯಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕೂರುತ್ತಾರೆ. ನಾಲ್ಕನೆಯವಳಿಗೆ ಸಿಗುವುದು ಒಂದು ಗೇಣು ಜಾಗ, ಆದರೂ ಕೇಳಿದರೆ ಸರಿಯದವರಿಲ್ಲ. ನಿಂತವರು ಕೂತವರನ್ನು "ಕುಠೆ ಉತರಣಾರ್?" ಅಂತ ಕೇಳುತ್ತಾರೆ, ಎಲ್ಲಿ ಇಳಿಯುತ್ತೀರಿ ಅಂತ. ಠಾಣೆ ಎಂದರೆ ಆ ಸೀಟು ಠಾಣೆಯಿಂದ ಕೇಳಿದವಳದು. ಯಾರೂ ಮಧ್ಯೆ ಬಂದು ಕೂರುವುದಿಲ್ಲ. ಬಾಯಿಮಾತಿನ ಈ ರಿಸರ್ವೇಶನ್ನು ಮುರಿದದ್ದನ್ನು ನಾನು ನೋಡಿದ್ದು ಬಹಳ ಕಮ್ಮಿ.

ಲೋಕಲ್ ಎಂದರೆ ಹೆದರುವ ಹಿರಿಯರಿಗೆ ಈಗ ನೆಲದಡಿಯ ಮೆಟ್ರೊ ಇದೆ. ಆರೆಯಿಂದ ಕಫ್ ಪರೇಡ್‌ವರೆಗೆ 2025ರ ಅಕ್ಟೋಬರಿನಲ್ಲಿ ಪೂರ್ತಿಯಾಯಿತು. ವಿಮಾನ ನಿಲ್ದಾಣ, ಸಿದ್ಧಿವಿನಾಯಕ, ಸಿಎಸ್‌ಎಂಟಿ ಒಂದೇ ದಾರಿಯಲ್ಲಿ ಸಿಗುತ್ತವೆ. ಇನ್ನು ಆಟೊ. ಬಾಂದ್ರಾ ಮತ್ತು ಸಾಯನ್‌ನಿಂದ ಉತ್ತರಕ್ಕೆ ಮಾತ್ರ ಅದು ಓಡುತ್ತದೆ, ದಕ್ಷಿಣದಲ್ಲಿ ಟ್ಯಾಕ್ಸಿಯೇ ಗತಿ.

ಎಲಿಫೆಂಟಾಕ್ಕೆ ಸೋಮವಾರ ಹೋಗಬೇಡಿ, ಗುಹೆಗಳಿಗೆ ಅಂದು ರಜೆ. ಬೇರೆ ದಿನ ಬೆಳಗಿನ ಮೊದಲ ದೋಣಿಗಳಲ್ಲೇ ಹೊರಡಿ. ಗೇಟ್‌ವೇಯಿಂದ ಸುಮಾರು ಒಂದು ಗಂಟೆಯ ದಾರಿ. ದೋಣಿಯಿಂದ ಇಳಿದು ಮೆಟ್ಟಿಲು ಹತ್ತಬೇಕು, ಮೊಣಕಾಲು ನೋವಿನವರು ನಿಧಾನಿಸಿ. ಬಿಸಿಲಿನಿಂದ ಒಳಹೊಕ್ಕ ಕೂಡಲೇ ಏನೂ ಕಾಣಿಸುವುದಿಲ್ಲ. ಕಂಬಗಳ ನಡುವೆ ಸುಮ್ಮನೆ ನಿಲ್ಲಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳುತ್ತ ಬಂದ ಹಾಗೆ ಹಿಂದಿನ ಗೋಡೆಯಿಂದ ಸುಮಾರು 20 ಅಡಿ ಎತ್ತರದ ಮೂರು ಮುಖಗಳು ಮೂಡುತ್ತವೆ. ನಮ್ಮ ಎಡಗಡೆಗೆ ಹಾವು ಹಿಡಿದ ಉಗ್ರ ಮುಖ, ಬಲಗಡೆಗೆ ತಾವರೆ ಹಿಡಿದ ಸೌಮ್ಯ ಮುಖ, ನಡುವೆ ಕಣ್ಣು ಮುಚ್ಚಿದ ಶಿವ. ಕೆಳತುಟಿ ಎಷ್ಟು ತುಂಬಿಕೊಂಡಿದೆ ಎಂದರೆ ಈಗ ಉಸಿರು ಬಿಡುತ್ತಾನೆ ಅನ್ನಿಸುತ್ತದೆ. ಹನ್ನೊಂದರ ಮೇಲೆ ಗದ್ದಲ ಹೆಚ್ಚಿ ಈ ಅನುಭವ ಸಿಗುವುದು ಕಷ್ಟ.

ಹಾಜಿ ಅಲಿಗೆ ಹೊತ್ತು ಹೇಳುವುದು ಸಮುದ್ರ. ದೊಡ್ಡ ಭರತ ಬಂದಾಗ ದರ್ಗಾದ ದಾರಿ ನೀರಿನಲ್ಲಿ ಮುಳುಗುತ್ತದೆ. ಭರತ-ಇಳಿತದ ವೇಳೆ ಪತ್ರಿಕೆಯಲ್ಲೂ ಮೊಬೈಲಿನಲ್ಲೂ ಸಿಗುತ್ತದೆ. ನಮ್ಮ ಗಂಗೊಳ್ಳಿಯ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಬಯಲುಸೀಮೆಯಿಂದ ಬಂದವರಿಗೆ ಹೇಳಬೇಕು.

ತಿನ್ನುವುದರಲ್ಲೂ ಹೊತ್ತಿದೆ. ಬೆಳಿಗ್ಗೆ ಇರಾನಿ ಹೋಟೆಲು. ಧೋಬಿ ತಲಾವ್‌ನಲ್ಲಿ 1904ರಿಂದ ಇರುವ ಕಯಾನಿಯಲ್ಲಿ ಬ್ರುನ್ ಮಸ್ಕಾ ಹೇಳಿ. ಹೊರಗೆ ಗಟ್ಟಿ, ಒಳಗೆ ಮೆತ್ತನೆಯ ಪಾವು, ನಡುವೆ ಬೆಣ್ಣೆ. ಅದನ್ನು ಚಹಾದಲ್ಲಿ ಅದ್ದಿಯೇ ತಿನ್ನಬೇಕು, ಒಣದಾಗಿ ಕಚ್ಚಿದರೆ ಅಂಗುಳ ಕೀಳುತ್ತದೆ. ಬಲ್ಲಾರ್ಡ್ ಎಸ್ಟೇಟಿನ ಬ್ರಿಟಾನಿಯಾದ ಬೆರಿ ಪುಲಾವ್ ಮಧ್ಯಾಹ್ನದ್ದು. ವಡಾಪಾವ್ ಸಂಜೆಯದು. 1966ರ ಹೊತ್ತಿಗೆ ದಾದರ್ ಸ್ಟೇಶನ್ನಿನ ಹೊರಗೆ ಅಶೋಕ ವೈದ್ಯ ಎಂಬವರು ಅದನ್ನು ಶುರು ಮಾಡಿದರೆಂದು ಹೇಳುತ್ತಾರೆ. ಎಣ್ಣೆಯಿಂದ ಆಗಷ್ಟೇ ತೆಗೆಯುತ್ತಿರುವ ಗಾಡಿಯ ಎದುರು ಮಾತ್ರ ನಿಲ್ಲಿ. ಮೀನು ಬೇಕಾದರೆ ಫೋರ್ಟಿನಲ್ಲಿ ನಮ್ಮ ಕರಾವಳಿಯವರ ಹೋಟೆಲುಗಳೇ ಸಾಲಾಗಿವೆ. ಕಾಣೆ ಫ್ರೈ, ನೀರುದೋಸೆ, ಗಸಿ ಎಲ್ಲ ಇದ್ದರೂ ದರ ಊರಿನದಲ್ಲ, ಕೇಳಿಕೊಂಡು ಕೂತುಕೊಳ್ಳಿ.

ಸಂಜೆ ಆರರಿಂದ ಒಂಬತ್ತು ರೈಲು ಹತ್ತಲಾಗದ ಹೊತ್ತು. ಅದೇ ನಾಟಕದ ಹೊತ್ತು. ಜುಹುವಿನ ಪೃಥ್ವಿ ಥಿಯೇಟರನ್ನು ಶಶಿ ಕಪೂರ್ ಮತ್ತು ಜೆನಿಫರ್ ಕಟ್ಟಿಸಿ 1978ರಲ್ಲಿ ತೆರೆದರು. ಇನ್ನೂರರಷ್ಟು ಸೀಟು, ಮೂರು ಕಡೆ ಜನ, ನಡುವೆ ರಂಗ. ನಟನ ಹಣೆಯ ಬೆವರು ಕಾಣುವಷ್ಟು ಹತ್ತಿರ. ತಡವಾದರೆ ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮೊದಲೇ ಅಲ್ಲಿರಿ. ನನಗೆ ಇದಕ್ಕಿಂತ ಪ್ರೀತಿ ದಾದರಿನ ಶಿವಾಜಿ ಮಂದಿರದ ಮೇಲೆ. ಮರಾಠಿ ಬಾರದಿದ್ದರೂ ಒಂದು ನಾಟಕ ನೋಡಿ. ಕೆಲಸದ ದಿನ ಸುಸ್ತಾದ ಜನ ಟಿಕೆಟ್ ಕೊಂಡು ಬಂದು, ಇಂಟರ್‌ವಲ್‌ನಲ್ಲಿ ಬಟಾಟೆ ವಡೆ ತಿಂದು, ಮತ್ತೆ ಕತ್ತಲಲ್ಲಿ ಕೂತು ನಗುವುದನ್ನು ನೋಡಿದರೆ ಈ ಊರು ಇನ್ನೊಂದು ಬಗೆಯಲ್ಲಿ ಅರ್ಥವಾಗುತ್ತದೆ. ಮಳೆಗಾಲದಲ್ಲಿ ಬಂದವರಿಗೆ ನಮ್ಮದೇ ಆಟವಿದೆ. ಊರಲ್ಲಿ ಮೇಳಗಳ ತಿರುಗಾಟ ನಿಂತ ಮೇಲೆ ಯಕ್ಷಗಾನದವರು ಮುಂಬಯಿಗೆ ಬರುತ್ತಾರೆ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಕರ್ನಾಟಕ ಸಂಘದ ಕಡೆ ವಿಚಾರಿಸಿದರೆ ಕನ್ನಡದ ಕಾರ್ಯಕ್ರಮಗಳ ಸುದ್ದಿ ಸಿಗುತ್ತದೆ.

ಕೊನೆಯ ದಿನಕ್ಕೆ ನಾನು ಬೇರೇನೂ ಹಾಕಿಕೊಳ್ಳಲು ಬಿಡುವುದಿಲ್ಲ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವುದು ಮಧ್ಯಾಹ್ನದ ಮೇಲೆ. ಅದಕ್ಕೆ ಮೊದಲು, ಹನ್ನೊಂದರ ಹೊತ್ತಿಗೆ, ಮಾಟುಂಗಾ. ಸೆಂಟ್ರಲ್ ಲೈನಿನ ಸ್ಟೇಶನ್ನಿನ ಹೊರಗೇ ಮಹಡಿಯ ಮೇಲೆ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ. ಸೋಮವಾರ ಬೇಡ, ರಜೆ. ನಾದಿನಿ ಒಮ್ಮೆ ಕೇಳಿದಳು: "ಅತ್ತಿಗೆ, ಊರಲ್ಲೇ ಉಣ್ಣುವ ಅನ್ನ ಸಾರಿಗೆ ಇಲ್ಲಿ ಯಾಕೆ ಕಾಯಬೇಕು?"

ಅವಳಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಹತ್ತು ಹನ್ನೆರಡು ವರ್ಷದ ಹುಡುಗರು ಬಂದು ಈ ಊರಿನ ಹೋಟೆಲುಗಳಲ್ಲಿ ಲೋಟ ತೊಳೆದಿದ್ದಾರೆ, ಅಡುಗೆಮನೆಯ ನೆಲದ ಮೇಲೆ ಮಲಗಿದ್ದಾರೆ. ಕೆಲಸ ಮುಗಿಸಿ ಕನ್ನಡದ ರಾತ್ರಿ ಶಾಲೆಗೆ ಹೋಗಿ ಅಕ್ಷರ ಕಲಿತಿದ್ದಾರೆ. ಮನೆ ಬಿಟ್ಟು ಬಂದ ಗುಮಾಸ್ತರಿಗೂ ಕೆಲಸಗಾರರಿಗೂ ಕೈಗೆಟಕುವ ದರದಲ್ಲಿ ಮನೆಯಂಥ ಊಟ ಹಾಕಿದವರು ಅವರು. ನನ್ನ ಮಾವನೂ ಅಂಥ ಹುಡುಗರಲ್ಲಿ ಒಬ್ಬರು. ಗೇಟ್‌ವೇ ನೋಡಿ ಇದನ್ನು ಬಿಟ್ಟುಹೋದರೆ ನಮ್ಮ ಮನೆಯ ಕಥೆಯನ್ನೇ ಓದದೆ ಬಿಟ್ಟ ಹಾಗೆ ನನಗೆ ಅನ್ನಿಸುತ್ತದೆ.

ಬಾಳೆಲೆ ಹಾಕಿಸಿಕೊಳ್ಳಿ. ನೀರು ಚಿಮುಕಿಸಿ ಕೈಯಿಂದ ಒರೆಸುವಾಗ ಎಲೆಯ ಹಸಿ ವಾಸನೆ ಏಳುತ್ತದೆ. ಪಲ್ಯ ಬೀಳುತ್ತದೆ, ಅನ್ನದ ಗುಡ್ಡೆ ನಡುವೆ ಗುಳಿ ಮಾಡಿಕೊಳ್ಳುವಷ್ಟರಲ್ಲಿ ಸಾಂಬಾರು ಬಂದಿರುತ್ತದೆ, ಅದು ಮುಗಿಯುವ ಮೊದಲೇ ಸಾರಿನವರು ಎದುರಿಗೆ. ಪಕ್ಕದಲ್ಲಿ ಗುಜರಾತಿ ವ್ಯಾಪಾರಿ, ಎದುರಿಗೆ ಕಾಲೇಜು ಹುಡುಗಿಯರು. ಬಡಿಸುವವರಿಗೆ ನೀವು ಕನ್ನಡದಲ್ಲಿ "ಸಾರು ಸ್ವಲ್ಪ ಹಾಕಿ" ಅಂದು ನೋಡಿ. ನಾದಿನಿ ಹಾಗಂದಾಗ ಸೌಟು ಹಿಡಿದ ಹಿರಿಯರು ಅವಳ ಮುಖ ನೋಡಿ "ಯಾವೂರು?" ಅಂತ ಕೇಳಿದರು. ಬಸ್ರೂರು ಅಂದಳು. ಅವರು ಇನ್ನೊಂದು ಸೌಟು ಹೆಚ್ಚೇ ಹಾಕಿ ಮುಂದಿನ ಎಲೆಗೆ ಹೋದರು.