ದೆಹಲಿಯ ಹಳೆಯ ಅಂಗಡಿಯಲ್ಲಿ ಸಿಕ್ಕ ಹತ್ತು ರಾಗಗಳು



ಗುಡಗಾಂವ್‌ನ ಯಾವುದೇ ಸಿಗ್ನಲ್‌ನಲ್ಲಿ ಶನಿವಾರ ರಾತ್ರಿ ನಿಂತು ನೋಡಿ. ಪಕ್ಕದ ಕಾರಿನಿಂದ ಬರುವ 'ಧಪ್ ಧಪ್ ಧಪ್' ಸದ್ದು ನಿಮ್ಮ ಗಾಡಿಯ ಗಾಜನ್ನೂ ನಡುಗಿಸುತ್ತದೆ. "ಇದೂ ಒಂದು ಸಂಗೀತವೇ?" ಎಂದು ಮನೆಯ ಹಿರಿಯರು ಗೊಣಗುತ್ತಾರೆ. "ನಿಮಗೆ ಗೊತ್ತಾಗಲ್ಲ ಬಿಡಿ ತಾತಾ" ಎಂದು ಮೊಮ್ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಳ್ಳುತ್ತಾಳೆ. ಈ ಜಗಳದಲ್ಲಿ ಇಬ್ಬರಿಗೂ ಅರ್ಧರ್ಧ ಗೆಲುವು ಕೊಡುವ ಒಂದು ಗ್ರಾಮಫೋನ್ ತಟ್ಟೆಯ ವಿಷಯ ಈ ಸಲ ನಿಮಗಾಗಿ. ಅದು ಮತ್ತೆ ಬೆಳಕಿಗೆ ಬಂದದ್ದು ನಮ್ಮ ದೆಹಲಿಯಲ್ಲೇ ಎಂಬುದು ವಿಶೇಷ.

2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರು ದೆಹಲಿಯ ಹಳೆಯ ಅಂಗಡಿಯೊಂದರಲ್ಲಿ ತಟ್ಟೆಗಳನ್ನು ಕೆದಕುತ್ತಿದ್ದಾಗ ಒಂದು ಎಲ್‌ಪಿ ಸಿಕ್ಕಿತು. ಹೆಸರು 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ನುಡಿಸಿದವರು ಚರಣ್‌ಜಿತ್ ಸಿಂಗ್. ಎಚ್‌ಎಂವಿ ಅದನ್ನು ಹೊರತಂದದ್ದು 1982ರಲ್ಲಿ. ಹೋಟೆಲ್ ಕೋಣೆಗೆ ಹೋಗಿ ಹಾಕಿ ಕೇಳಿದ ಬೌಮನ್ ದಂಗಾದರು. 'ಆ್ಯಸಿಡ್ ಹೌಸ್' ಎಂಬ ನೃತ್ಯಸಂಗೀತ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿತು ಎಂದು ಎಲ್ಲರೂ ಹೇಳುತ್ತಿದ್ದದ್ದು 1987ರ ಲೆಕ್ಕ. ಅದೇ ನಾದ ಐದು ವರ್ಷ ಮೊದಲೇ ಭೂಪಾಲಿ, ಮಾಲ್‌ಕೌಂಸ್ ರಾಗಗಳಲ್ಲಿ ಕೇಳಿಸುತ್ತಿದೆ!

ಯಾರು ಈ ಚರಣ್‌ಜಿತ್ ಸಿಂಗ್? ಮುಂಬೈ ಚಿತ್ರರಂಗದ ವಾದ್ಯಗೋಷ್ಠಿಗಳಲ್ಲಿ ವರ್ಷಗಟ್ಟಲೆ ಗಿಟಾರ್, ಬಾಸ್, ಕೀಬೋರ್ಡ್ ನುಡಿಸಿದವರು. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಮುಂತಾದ ದೊಡ್ಡ ನಿರ್ದೇಶಕರ ಹಾಡುಗಳ ಹಿಂದೆ ಅವರ ಕೈಯಿತ್ತು. ನಾವೆಲ್ಲ ಅವರನ್ನು ಕೇಳಿದ್ದೇವೆ, ಆದರೆ ಅವರು ಯಾರೆಂದು ಕೇಳಿರಲಿಲ್ಲ.

ಆಗ ಎಲ್ಲೆಲ್ಲೂ ಡಿಸ್ಕೋ ಗಾಳಿ. 1980ರ 'ಕುರ್ಬಾನಿ' ಚಿತ್ರಕ್ಕಾಗಿ ನಾಜಿಯಾ ಹಸನ್ ಹಾಡಿದ ಡಿಸ್ಕೋ ಹಾಡು ದೇಶವನ್ನೇ ಕುಣಿಸಿತ್ತು. ಆ ಹಾಡಿಗೆ ಸಂಗೀತ ಕೊಟ್ಟವರು ಬಿದ್ದು. ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು! ಲಂಡನ್ನಿಗೆ ಹೋಗಿ 1974ರಲ್ಲಿ 'ಕುಂಗ್ ಫು ಫೈಟಿಂಗ್' ಎಂಬ ಹಾಡು ನಿರ್ಮಿಸಿ ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿಸಿದವರು. ಹೀಗೆ ಮುಂಬೈಗೆ ಡಿಸ್ಕೋ ತಂದವರ ಸಾಲಿನಲ್ಲಿ ನಮ್ಮ ಊರಿನವರೂ ಇದ್ದಾರೆ ಎಂಬುದು ನಿಮ್ಮ ಗಮನಕ್ಕೆ.

ಎಲ್ಲರೂ ಡಿಸ್ಕೋ ಮಾಡುತ್ತಿರುವಾಗ ತಾನು ಬೇರೇನು ಮಾಡಬಹುದು ಎಂದು ಚರಣ್‌ಜಿತ್ ಯೋಚಿಸಿದರು. ತಬಲಾ ಪಕ್ಕಕ್ಕಿಟ್ಟು, ಡಿಸ್ಕೋ ತಾಳದ ಮೇಲೆ ರಾಗಗಳನ್ನೇ ನುಡಿಸಿದರೆ? ಅವರ ಬಳಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಹೊಸ ಯಂತ್ರಗಳಿದ್ದವು. ತಾಳಕ್ಕೆ ಟಿಆರ್-808, ಸ್ವರ ನುಡಿಸಲು ಜುಪಿಟರ್-8, ಬಾಸ್‌ಗೆ ಟಿಬಿ-303. ಕಥೆಯ ನಾಯಕ ಈ ಮೂರನೆಯದು.

ಟಿಬಿ-303 ಒಂದು ಪುಟ್ಟ ಬೆಳ್ಳಿಬಣ್ಣದ ಪೆಟ್ಟಿಗೆ. 1981ರಲ್ಲಿ ಮಾರುಕಟ್ಟೆಗೆ ಬಂತು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಾಗಿ ಬಾಸ್ ನುಡಿಸಲಿ ಎಂಬುದು ತಯಾರಕರ ಉದ್ದೇಶ. ಆದರೆ ಅದರ ಸದ್ದು ಬಾಸ್ ಗಿಟಾರಿನಂತೆ ಇರಲೇ ಇಲ್ಲ. ಸ್ವರ ತುಂಬಿಸುವ ಕ್ರಮವೋ ತಲೆನೋವು. ಸುಮಾರು 10,000 ಪೆಟ್ಟಿಗೆ ತಯಾರಿಸಿ 1984ರ ಹೊತ್ತಿಗೆ ಕಂಪನಿ ಕೈಬಿಟ್ಟಿತು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದುಕೊಂಡಿತು.

ಅದು ಹೇಗೆ ಕೆಲಸ ಮಾಡುತ್ತದೆ? ಗಾಬರಿ ಬೇಡ, ಮೋರ್ಸಿಂಗ್ ಕೇಳಿದ್ದರೆ ನಿಮಗೆ ಅರ್ಧ ಅರ್ಥವಾದಂತೆಯೇ. ಕರ್ನಾಟಕ ಸಂಗೀತ ಕಚೇರಿಯಲ್ಲಿ ತನಿ ಆವರ್ತನದ ಹೊತ್ತಿಗೆ ಮೃದಂಗದ ಪಕ್ಕದಲ್ಲಿ 'ಟಂಯ್ ಟಂಯ್' ಎನ್ನುತ್ತದಲ್ಲ, ಅದೇ. ಮೋರ್ಸಿಂಗ್‌ನ ಲೋಹದ ನಾಲಗೆ ಹುಟ್ಟಿಸುವ ಮೂಲಸ್ವರ ಒಂದೇ. ಕಲಾವಿದರು ಬಾಯಿಯ ಆಕಾರ ಬದಲಿಸಿದಂತೆ ಅದೇ ಸ್ವರ 'ಓಂಯ್' ಎನ್ನುತ್ತದೆ, 'ಆಂಯ್' ಎನ್ನುತ್ತದೆ, 'ಈಂಯ್' ಎನ್ನುತ್ತದೆ. ಪ್ರತಿ ಸ್ವರದೊಳಗೂ ಅಡಗಿರುವ ಉಪಸ್ವರಗಳಲ್ಲಿ ಕೆಲವನ್ನು ಬಾಯಿ ಅಡಗಿಸುತ್ತದೆ, ಕೆಲವನ್ನು ಎತ್ತಿ ತೋರಿಸುತ್ತದೆ.

303ರಲ್ಲಿ ಬಾಯಿಯ ಈ ಕೆಲಸವನ್ನು 'ಫಿಲ್ಟರ್' ಎಂಬ ಎಲೆಕ್ಟ್ರಾನಿಕ್ ಜಾಲರಿ ಮಾಡುತ್ತದೆ. ಪೆಟ್ಟಿಗೆಯ ಮೇಲೆ ಸಾಲಾಗಿ ಆರು ಪುಟ್ಟ ನಾಬ್‌ಗಳು. ಒಂದು ನಾಬ್ ತಿರುಗಿಸಿದರೆ ಎಷ್ಟು ಎತ್ತರದವರೆಗಿನ ಉಪಸ್ವರಗಳು ಹೊರಬರಬೇಕು ಎಂಬುದು ತೀರ್ಮಾನವಾಗುತ್ತದೆ. ಇನ್ನೊಂದು ನಾಬ್ ಆ ಗಡಿಯಲ್ಲಿರುವ ಉಪಸ್ವರವನ್ನು ಚೂಪಾಗಿ ಕೂಗಿಸುತ್ತದೆ. ಯಂತ್ರ ನುಡಿಸುತ್ತಿರುವಾಗಲೇ ಇವೆರಡನ್ನೂ ತಿರುಗಿಸಿದರೆ ಮಾಮೂಲಿ ಬಾಸ್ ಸ್ವರ ಬಾಯಿ ಬಂದಂತೆ ಕಿರುಚುತ್ತದೆ, ಮುಲುಗುತ್ತದೆ, ನೀರಿನಂತೆ ಗುಳುಗುಳು ಎನ್ನುತ್ತದೆ. ಆ್ಯಸಿಡ್ ಹೌಸ್‌ನ ಗುರುತೇ ಈ ಸದ್ದು.

ಇನ್ನೊಂದು ಗುಣವೂ ಇದೆ. 303 ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಜಾರಬಲ್ಲದು. ಹಿಂದುಸ್ತಾನಿಯವರು ಮೀಂಡ್ ಎನ್ನುತ್ತಾರೆ, ನಮ್ಮಲ್ಲಿ ಗಮಕದ ಒಂದು ಬಗೆಯಾದ ಜಾರು. ಹಾರ್ಮೋನಿಯಂಗೂ ಪಿಯಾನೋಗೂ ಬಾರದ ಈ ಜಾರು ಈ ಅಗ್ಗದ ಪೆಟ್ಟಿಗೆಗೆ ಬರುತ್ತಿತ್ತು! ವೀಣೆಯ ಗಮಕಕ್ಕೆ ಇದು ಸಮವಲ್ಲ ನಿಜ. ಆದರೂ ರಾಗ ನುಡಿಸುವವರ ಕೈಗೆ ಅದು ಚೆನ್ನಾಗಿ ಹೊಂದಿತು.

ರಾಗಕ್ಕೂ ಡಿಸ್ಕೋಗೂ ಎತ್ತಣಿಂದೆತ್ತ ಸಂಬಂಧ ಎನ್ನುತ್ತೀರಾ? ಲೆಕ್ಕ ಹಾಕಿ ನೋಡಿ. ಪಾಶ್ಚಾತ್ಯ ಹಾಡಿನಲ್ಲಿ ಸ್ವರಮೇಳಗಳು ಬದಲಾಗುತ್ತಾ ಹೋಗುತ್ತವೆ. ರಾಗದಲ್ಲಿ ಹಾಗಿಲ್ಲ, ಷಡ್ಜ ಕದಲುವುದಿಲ್ಲ. ತಂಬೂರಿ ಕೊನೆಯವರೆಗೂ ಅದೇ ಶ್ರುತಿ ಮೀಟುತ್ತಿರುತ್ತದೆ. ಗಂಟೆಗಟ್ಟಲೆ ಕುಣಿಯುವವರಿಗಾಗಿ ಮಾಡಿದ ಸಂಗೀತಕ್ಕೂ ಇಂಥದೇ ಕದಲದ ನೆಲ ಬೇಕು. ತಾಳವನ್ನು ನೋಡಿ. 303ರಲ್ಲಿ ಒಂದು ಸುತ್ತಿಗೆ ಹದಿನಾರು ಮನೆಗಳು. ತೀನ್‌ತಾಲ್‌ಗೆ ಹದಿನಾರು ಮಾತ್ರೆ. ನಮ್ಮ ಆದಿತಾಳದ ಎಂಟು ಅಕ್ಷರಗಳನ್ನು ಎರಡೆರಡಾಗಿ ಎಣಿಸಿದರೂ ಹದಿನಾರೇ. ಯಂತ್ರ ತಯಾರಿಸಿದವರಿಗೆ ತೀನ್‌ತಾಲ್ ಗೊತ್ತಿರಬೇಕಿಲ್ಲ. ಎರಡನ್ನು ಎರಡರಿಂದ ಗುಣಿಸುತ್ತಾ ಹೋದರೆ ಎಲ್ಲರೂ ಅದೇ ಮನೆಗೆ ಬಂದು ಸೇರುತ್ತಾರೆ, ಅಷ್ಟೆ.

ಇನ್ನು ರಾಗಗಳು. ತಟ್ಟೆಯಲ್ಲಿರುವ ಭೂಪಾಲಿ ಎಂದರೆ ನಮ್ಮ ಮೋಹನ. ಮಾಲ್‌ಕೌಂಸ್ ನಮ್ಮ ಹಿಂದೋಳ. ಬೈರಾಗಿ ಕೇಳಿದರೆ ರೇವತಿ ನೆನಪಾಗುತ್ತದೆ, ಕಲಾವತಿ ಕೇಳಿದರೆ ವಲಚಿ. ಯಮನ್ ನಮ್ಮ ಕಲ್ಯಾಣಿಯ ಹತ್ತಿರದ ನೆಂಟ. ಹೆಸರು ನೋಡಿ ಮೋಸಹೋಗಬಾರದಾದ್ದು ತೋಡಿ ಮಾತ್ರ. ಉತ್ತರದ ತೋಡಿಯ ಸ್ವರಗಳು ನಮ್ಮ ತೋಡಿಯವಲ್ಲ, ಶುಭಪಂತುವರಾಳಿಯವು. ಒಂದೊಂದು ರಾಗವೂ ಸುಮಾರು ಐದು ನಿಮಿಷ. ವಿಸ್ತಾರವಾದ ಆಲಾಪನೆ ನಿರೀಕ್ಷಿಸಬೇಡಿ. ಕೆಳಗೆ ಯಂತ್ರದ ಬಾಸ್ ಸುತ್ತುತ್ತಿರುತ್ತದೆ, ಮೇಲೆ ಮನುಷ್ಯನ ಬೆರಳು ರಾಗವನ್ನು ಬಿಡಿಸುತ್ತಿರುತ್ತದೆ.

1982ರಲ್ಲಿ ಇದನ್ನು ಯಾರು ಕೇಳಿದರು? ಹೆಚ್ಚು ಜನ ಕೇಳಲಿಲ್ಲ. ಶಾಸ್ತ್ರೀಯ ಸಂಗೀತದವರಿಗೆ ಇದು ಡಿಸ್ಕೋ, ಡಿಸ್ಕೋದವರಿಗೆ ಇದು ಶಾಸ್ತ್ರೀಯ. ತಟ್ಟೆ ಮಾರಾಟವಾಗದೆ ಮರೆಗೆ ಸರಿಯಿತು.

ಈಗ ಶಿಕಾಗೋಗೆ ಬನ್ನಿ. ಡಿಜೆ ಪಿಯರ್, ಸ್ಪ್ಯಾಂಕಿ, ಹರ್ಬ್ ಜೆ ಎಂಬ ಮೂವರು ಹುಡುಗರು 'ಫ್ಯೂಚರ್' ಎಂಬ ತಂಡ ಕಟ್ಟಿಕೊಂಡಿದ್ದರು. ಅವರ ಕೈಗೆ ಹಳೆಯ 303 ಒಂದು ಸಿಕ್ಕಿತು. ಬಾಸ್ ನುಡಿಸುವುದು ಬಿಟ್ಟು ಪಿಯರ್ ಅದರ ನಾಬ್‌ಗಳನ್ನು ತಿರುಗಿಸತೊಡಗಿದರು. ಬಂದ ವಿಚಿತ್ರ ಸದ್ದನ್ನು ಟೇಪ್ ಮಾಡಿ 'ಮ್ಯೂಸಿಕ್ ಬಾಕ್ಸ್' ಕ್ಲಬ್ಬಿನ ಡಿಜೆ ರಾನ್ ಹಾರ್ಡಿಗೆ ಕೊಟ್ಟರು. ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರು ಜಾಗ ಖಾಲಿ ಮಾಡಿದರಂತೆ. ಹಾರ್ಡಿ ಬಿಡಲಿಲ್ಲ. ಅದೇ ರಾತ್ರಿ ಮತ್ತೆ ಮತ್ತೆ ಹಾಕಿದರು. ನಾಲ್ಕನೆಯ ಸಲಕ್ಕೆ ಇಡೀ ಕ್ಲಬ್ಬು ಹುಚ್ಚೆದ್ದು ಕುಣಿಯಿತು! 1987ರಲ್ಲಿ ಟ್ರ್ಯಾಕ್ಸ್ ಕಂಪನಿ ಅದನ್ನು 'ಆ್ಯಸಿಡ್ ಟ್ರ್ಯಾಕ್ಸ್' ಎಂಬ ಹೆಸರಿನಲ್ಲಿ ಹೊರತಂದಿತು. ಹನ್ನೊಂದು ನಿಮಿಷ ದಾಟುವ ಹಾಡು. ಹಾಡು ಎಂದರೂ ಹಾಡುವವರಿಲ್ಲ. ನಮ್ಮ ಕಡೆ ಹಂಸಲೇಖ ಅವರ 'ಪ್ರೇಮಲೋಕ' ಮನೆಮನೆಯ ಟೇಪ್‌ರೆಕಾರ್ಡರ್‌ನಲ್ಲಿ ಮೊಳಗಿದ್ದೂ ಅದೇ 1987ರಲ್ಲಿ.

ಮರುವರ್ಷ, 1988ರಲ್ಲಿ, ಈ ಸದ್ದು ಬ್ರಿಟನ್ನಿಗೆ ಬೆಂಕಿ ಹಚ್ಚಿತು. ಗೋದಾಮುಗಳಲ್ಲಿ, ಹೊಲಗಳಲ್ಲಿ ರಾತ್ರಿಯಿಡೀ ಸಾವಿರಾರು ಜನ ಕುಣಿಯುವ 'ರೇವ್'ಗಳು ಶುರುವಾದವು. ಮಾದಕ ವಸ್ತುಗಳ ಹಾವಳಿಯೂ ಜೊತೆಗೇ ಬಂತು, ಅದನ್ನು ಮುಚ್ಚಿಡಬೇಕಿಲ್ಲ. 1994ರಲ್ಲಿ ಅಲ್ಲಿನ ಸಂಸತ್ತು ಇಂಥ ಕೂಟಗಳನ್ನು ಚದುರಿಸಲು ಕಾನೂನನ್ನೇ ತಂದಿತು. ಮರುಕಳಿಸುವ ತಾಳದ ಸದ್ದು ಎಂದರೇನು ಎಂಬುದು ಕಾಯಿದೆಯ ಪುಸ್ತಕದಲ್ಲೇ ಬರೆಯಲ್ಪಟ್ಟಿತು.

ಹಾಗಾದರೆ ಆ್ಯಸಿಡ್ ಹೌಸ್ ಕಂಡುಹಿಡಿದವರು ಚರಣ್‌ಜಿತ್ ಸಿಂಗ್ ಅವರೇ? 2010ರಲ್ಲಿ ಬೌಮನ್ ತಮ್ಮ 'ಬಾಂಬೆ ಕನೆಕ್ಷನ್' ಸಂಸ್ಥೆಯಿಂದ ತಟ್ಟೆಯನ್ನು ಮರುಬಿಡುಗಡೆ ಮಾಡಿದಾಗ ಹಲವು ಪತ್ರಿಕೆಗಳು ಈ ಪ್ರಶ್ನೆ ಎತ್ತಿದವು. ನಮಗೂ ಹೌದು ಎನ್ನುವ ಆಸೆ! ಆದರೆ ನ್ಯಾಯವಾಗಿ ಹೇಳುವುದಾದರೆ, ಶಿಕಾಗೋದ ಹುಡುಗರು ಮುಂಬೈಯ ತಟ್ಟೆ ಕೇಳಿ ಕಲಿತವರಲ್ಲ, ಚರಣ್‌ಜಿತ್ ಕುಣಿತದ ಕ್ಲಬ್ಬಿಗಾಗಿ ಹೊಸ ಪಂಥ ಕಟ್ಟಲು ಹೊರಟವರೂ ಅಲ್ಲ. ಯಾರೂ ಬೇಡವೆಂದ ಒಂದು ಯಂತ್ರದೊಳಗೆ ಅಡಗಿದ್ದ ನಾದವನ್ನು ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಹುಡುಕಿಕೊಂಡರು. ಒಂದು ಕಡೆ ಅದನ್ನು ನಾಲ್ಕನೆಯ ಸಲ ಹಾಕುವ ರಾನ್ ಹಾರ್ಡಿ ಇದ್ದರು. ಇನ್ನೊಂದು ಕಡೆ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಮರುಬಿಡುಗಡೆಯ ನಂತರ ಚರಣ್‌ಜಿತ್ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. ಮೊಮ್ಮಕ್ಕಳ ವಯಸ್ಸಿನವರು ಅವರ ಮುಂದೆ ಕುಣಿದರು. 2015ರ ಜುಲೈನಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಮುಂಬೈಯಲ್ಲಿ ತೀರಿಕೊಂಡರು. ಚಪ್ಪಾಳೆ ತಡವಾಗಿ ಬಂತು, ಆದರೆ ಕಿವಿ ಇರುವಾಗಲೇ ಬಂತಲ್ಲ ಎಂಬುದೇ ಸಮಾಧಾನ.

ಎಲ್ಲರಿಗೂ ಆ ಭಾಗ್ಯವಿಲ್ಲ. ರೇಡಿಯೋದಲ್ಲಿ ನಾವು ಹಾಡಿನ ಮುನ್ನ ಗಾಯಕರು, ಸಾಹಿತ್ಯ, ಸಂಗೀತ ಎಂದು ಮೂರು ಹೆಸರು ಹೇಳಿ ಮುಗಿಸುತ್ತೇವೆ. ನಾಲ್ಕನೆಯ ಹೆಸರಿಗೆ ಸಮಯವೂ ಇಲ್ಲ, ಎಷ್ಟೋ ಸಲ ಮಾಹಿತಿಯೂ ಇಲ್ಲ. 1978ರ 'ನಿತ್ಯೋತ್ಸವ' ಧ್ವನಿಸುರುಳಿ ಎಂದರೆ ನಿಸಾರ್ ಅಹಮದ್, ಮೈಸೂರು ಅನಂತಸ್ವಾಮಿ ಎಂದು ಥಟ್ಟನೆ ಹೇಳುವ ನಮ್ಮಲ್ಲಿ ಎಷ್ಟು ಮಂದಿಗೆ ಜೊತೆಯಲ್ಲಿ ವಾದ್ಯ ನುಡಿಸಿದವರ ಹೆಸರು ಗೊತ್ತು?

ಅದಕ್ಕೇ ಒಂದು ಕೋರಿಕೆ. ಆರ್.ಕೆ. ಪುರಂನಿಂದ ದ್ವಾರಕಾಗೆ, ಮಯೂರ ವಿಹಾರದಿಂದ ನೊಯ್ಡಾಗೆ ಮನೆ ಬದಲಿಸುವಾಗ ಊರಿಂದ ತಂದ ತಟ್ಟೆಗಳನ್ನೂ ಧ್ವನಿಸುರುಳಿಗಳನ್ನೂ ಕಬಾಡಿಯವನ ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಹೊದಿಕೆ ತಿರುಗಿಸಿ ಓದಿ. ಸಣ್ಣ ಅಕ್ಷರದಲ್ಲಿ ವಾದ್ಯಗಾರರ ಹೆಸರಿದ್ದರೆ ಬರೆದಿಟ್ಟುಕೊಳ್ಳಿ. ಮನೆಯ ಹಿರಿಯರಿಗೆ ಗೊತ್ತಿದ್ದರೆ ಕೇಳಿ, ಪೆನ್ಸಿಲಿನಲ್ಲಿ ಹೊದಿಕೆಯ ಮೇಲೇ ಗುರುತು ಹಾಕಿ. ನಮ್ಮ ಕನ್ನಡ ವೇಳೆಗೆ ಕಳಿಸಿಕೊಟ್ಟರೆ ಆ ನಾಲ್ಕನೆಯ ಹೆಸರನ್ನೂ ಗಾಳಿಯಲ್ಲಿ ಹೇಳೋಣ.

ಚರಣ್‌ಜಿತ್ ಅವರ ತಟ್ಟೆ ಕೇಳುವ ಮನಸ್ಸಿದ್ದರೆ ಭೂಪಾಲಿಯಿಂದ ಶುರುಮಾಡಿ. ಮೊಬೈಲಿನ ಪುಟ್ಟ ಸ್ಪೀಕರ್ ಬೇಡ, ಅದರಲ್ಲಿ ಬಾಸ್ ಕೇಳುವುದೇ ಇಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿ, ಮೊದಲು ಮೋಹನವನ್ನು ಗುರುತಿಸಿ, ಆಮೇಲೆ ಕಿವಿಯನ್ನು ಕೆಳಗಿಳಿಸಿ ಆ ಜಾರುವ ಬಾಸನ್ನು ಹಿಂಬಾಲಿಸಿ. ರಾಗ ಗುರುತಿಸುವ ಕೆಲಸ ತಾತನಿಗೆ, ಬಾಸ್ ಹಿಂಬಾಲಿಸುವ ಕೆಲಸ ಮೊಮ್ಮಗಳಿಗೆ!