ಕರಕುಶಲ ವಸ್ತುಗಳ ಛಾಯಾಚಿತ್ರಕ್ಕೆ ಮನೆಯಲ್ಲೇ ಹಿನ್ನೆಲೆ ಪರದೆ

ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ ಕ್ರೋಶಾ ಲೇಸು, ತೆಂಗಿನ ಚಿಪ್ಪಿನ ಪಾತ್ರೆ, ಬಟ್ಟೆಯ ಚೀಲ ಮುಂತಾದವುಗಳನ್ನು ಮೊಬೈಲಿನಲ್ಲಿ ಚಿತ್ರ ನೋಡಿಯೇ ಕೊಳ್ಳುವವರಿದ್ದಾರೆ. ದೂರದ ಗಿರಾಕಿ ವಸ್ತುವನ್ನು ಮುಟ್ಟಿ ನೋಡಲಾರ, ಚಿತ್ರವೇ ಅವನಿಗೆ ಆಧಾರ. ವಾರಗಟ್ಟಲೆ ಕುಳಿತು ಹೆಣೆದ ಮೇಜುವಸ್ತ್ರವನ್ನು ಹೂವಿನ ಬೆಡ್‌ಶೀಟಿನ ಮೇಲೆ ಹರಡಿ ಚಿತ್ರ ತೆಗೆದರೆ ಕಣ್ಣಿಗೆ ಬೀಳುವುದು ಬೆಡ್‌ಶೀಟಿನ ಹೂವು. ಬಣ್ಣ ಬೇರೆಯಾಗಿ ಕಂಡರಂತೂ ವಸ್ತು ಮರಳಿ ಬರುತ್ತದೆ, ಅಂಚೆ ವೆಚ್ಚ ಹೆಣೆದವರ ತಲೆಗೇ ಬೀಳುತ್ತದೆ. ಎರಡು ಮೀಟರ್ ಬಟ್ಟೆಯಿಂದ ಈ ತೊಂದರೆಯನ್ನು ಬಹುಮಟ್ಟಿಗೆ ನಿವಾರಿಸಬಹುದು.

ಬಟ್ಟೆ ಹತ್ತಿಯದ್ದಾಗಿರಲಿ, ಸ್ವಲ್ಪ ದಪ್ಪವಿರಲಿ, ಹೊಳಪು ಬೇಡ. ಹಬ್ಬದ ಅಲಂಕಾರಕ್ಕೆ ತಂದ ಸ್ಯಾಟಿನ್ ಉಳಿದಿದೆಯೆಂದು ಅದನ್ನೇ ಬಳಸುವವರಿದ್ದಾರೆ. ಅದರ ಒಂದೊಂದು ಸುಕ್ಕೂ ಬೆಳಕಿಗೆ ಮಿನುಗಿ ವಸ್ತುವನ್ನು ಮರೆಮಾಡುತ್ತದೆ. ಕೋರಾ ಬಟ್ಟೆ ಉತ್ತಮ. ಹೊಸ ಬಟ್ಟೆಯನ್ನು ಮೊದಲು ಒಗೆದು ಒಣಗಿಸಿ, ಹೊಲಿದ ಮೇಲೆ ಕುಗ್ಗಬಾರದಲ್ಲವೇ? ಬಳಿಕ ಒಂದು ತುದಿಯನ್ನು ಕಿಟಕಿ ಪರದೆಗೆ ಮಾಡುವಂತೆ ಮಡಚಿ ಹೊಲಿದು ಅದರೊಳಗೆ ಪಿವಿಸಿ ಪೈಪ್ ತೂರಿಸಬೇಕು.

ಮೇಜನ್ನು ಗೋಡೆಯ ಬಳಿಗೆ ತಂದು, ಪೈಪನ್ನು ಮೇಜಿನಿಂದ ಮೂರಡಿ ಎತ್ತರದಲ್ಲಿ ಎರಡು ಮೊಳೆಗಳಿಗೆ ತೂಗುಹಾಕಿ. ಬಟ್ಟೆ ಕೆಳಗಿಳಿದು ಮೇಜಿನ ಮೇಲೆ ಮುಂದಕ್ಕೆ ಹರಿದು ಬರಲಿ. ಇಲ್ಲಿ ಒಂದು ವಿಷಯ ಮುಖ್ಯ: ಗೋಡೆ ಮತ್ತು ಮೇಜು ಸೇರುವಲ್ಲಿ ಬಟ್ಟೆಯನ್ನು ಒತ್ತಿ ಮೂಲೆ ಮಾಡಬಾರದು, ಸಡಿಲವಾಗಿ ಬಾಗಲು ಬಿಡಬೇಕು. ಆಗ ಚಿತ್ರದಲ್ಲಿ ಅಡ್ಡಗೆರೆ ಕಾಣದು. ಮುಂದಿನ ಅಂಚನ್ನು ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಮೇಜಿಗೆ ಬಿಗಿಯಿರಿ. ವಸ್ತುವನ್ನು ಬಾಗಿನಿಂದ ಒಂದಡಿಯಾದರೂ ಮುಂದಿಟ್ಟರೆ ಅದರ ನೆರಳು ಹಿಂದಿನ ಬಟ್ಟೆಯ ಮೇಲೆ ಅಷ್ಟಾಗಿ ಬೀಳದು.

ಚಿಪ್ಪಿನ ಕಂದು ಬಣ್ಣಕ್ಕೆ ಕೋರಾ ಬಟ್ಟೆ ಚೆನ್ನಾಗಿ ಒಪ್ಪುತ್ತದೆ. ಬಿಳಿ ಲೇಸು ಮಾತ್ರ ಅದರ ಮೇಲೆ ಕರಗಿಹೋಗುತ್ತದೆ. ಹೆಣಿಗೆಯ ತೂತುಗಳು ಕಂಡರೆ ತಾನೇ ಕೆಲಸದ ನಾಜೂಕು ತಿಳಿಯುವುದು? ಆದುದರಿಂದ ಲೇಸಿಗೆಂದು ಬೂದು ಅಥವಾ ಕಡುನೀಲಿ ಬಟ್ಟೆಯೊಂದನ್ನು ಬೇರೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ಕೆಂಪು, ಹಸಿರುಗಳ ಛಾಯೆ ಹೊಳೆಯುವ ವಸ್ತುಗಳ ಮೇಲೆ ಬೀಳುವುದರಿಂದ ಅವು ಬೇಡ.

ಬೆಳಕಿಗೆ ಜಗಲಿ ಅಥವಾ ದೊಡ್ಡ ಕಿಟಕಿಯ ಪಕ್ಕ ಸಾಕು. ನೇರ ಬಿಸಿಲು ಬೇಡ. ಮಳೆಗಾಲದ ಮೋಡದ ಬೆಳಕನ್ನು ನಾವು ದೂರುತ್ತೇವೆ, ಆದರೆ ಈ ಕೆಲಸಕ್ಕೆ ಅದು ಬಹಳ ಅನುಕೂಲ, ಎಲ್ಲ ಕಡೆಯೂ ಸಮವಾಗಿ ಬೀಳುತ್ತದೆ. ಒಳಗಿನ ದೀಪಗಳನ್ನು ಆರಿಸಿರಿ, ಎರಡು ಬಗೆಯ ಬೆಳಕು ಬೆರೆತರೆ ಬಣ್ಣ ಕೆಡುತ್ತದೆ. ಕಿಟಕಿಯ ಎದುರು ಬದಿಗೆ ಬಿಳಿ ಥರ್ಮೋಕೋಲ್ ಹಲಗೆ ನಿಲ್ಲಿಸಿದರೆ ಕತ್ತಲಾದ ಮಗ್ಗುಲೂ ಬೆಳಗುತ್ತದೆ. ತಿಳಿಬಣ್ಣದ ಬಟ್ಟೆ ಚಿತ್ರದಲ್ಲಿ ಮಂಕಾಗಿ ಕಂಡರೆ ಬಟ್ಟೆಯನ್ನು ದೂರಬೇಡಿ. ಹೆಚ್ಚು ಬೆಳಕಿದೆಯೆಂದು ತಿಳಿದು ಕ್ಯಾಮೆರಾ ತಾನಾಗಿ ಬೆಳಕು ತಗ್ಗಿಸಿರುತ್ತದೆ. ಪರದೆಯ ಮೇಲೆ ವಸ್ತುವನ್ನು ಮುಟ್ಟಿ, ಕಾಣಿಸುವ ಸೂರ್ಯನ ಗುರುತನ್ನು ತುಸು ಮೇಲಕ್ಕೆ ಸರಿಸಿರಿ. ಕಡುನೀಲಿಗೆ ಇದಕ್ಕೆ ವಿರುದ್ಧ, ಸ್ವಲ್ಪ ಕೆಳಕ್ಕೆ.

ಚಿತ್ರ ತೆಗೆಯುವ ಮೊದಲು ಬಟ್ಟೆಗೆ ನೀರು ಚಿಮುಕಿಸಿ ಇಸ್ತ್ರಿ ಹಾಕಬೇಕು. ಕೆಲಸ ಮುಗಿದ ಮೇಲೆ ಮಡಚದೆ ಅದೇ ಪೈಪಿಗೆ ಸುತ್ತಿಡಿ. ಗಂಜಿ ಹಾಕಬೇಡಿ, ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಂಜಿ ಹಾಕಿದ ಬಟ್ಟೆಗೆ ಬೂಷ್ಟು ಹಿಡಿಯಲು ತಡವಾಗದು.